ಶಾಲೆಗೆ ಮುಂಚಿನ ಮೂರು ವರ್ಷ

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಒಂದನೇ ತರಗತಿ ದಾಖಲಾತಿಯ ವಯಸ್ಸಿನಲ್ಲಿ ಆ ಒಂದು ವರ್ಷದ ಮಟ್ಟಿಗೆ ರಿಯಾಯಿತಿ ಕೊಟ್ಟಿತು. ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಲೇಬೇಕು ಎಂದು 2022ರಲ್ಲೇ ಆದೇಶವಾಗಿತ್ತು. ಪೋಷಕರ ಒತ್ತಾಯಕ್ಕೆ ಮಣಿದು ಅದರ ಜಾರಿಯನ್ನು 2025-26ಕ್ಕೆ ಮುಂದೂಡಲಾಗಿತ್ತು. ಆ ವರ್ಷ ಬಂದಾಗ ಮತ್ತೆ ಅದೇ ಗಲಾಟೆ: ಯುಕೆಜಿ ಮುಗಿಸಿದ ಮಗುವಿಗೆ ಕೆಲವೇ ತಿಂಗಳು ಕಡಿಮೆ ಬಿದ್ದಿದೆ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕೇ? ಕೊನೆಗೆ ಯುಕೆಜಿ ಮುಗಿಸಿದ್ದರೆ 5 ವರ್ಷ 5 ತಿಂಗಳು ಸಾಕು ಎಂದಾಯಿತು. ಪೋಷಕರ ಸಂಕಟ ನಿಜವಾದದ್ದೇ. ಆದರೆ ಅಷ್ಟು ದಿನದ ಚರ್ಚೆಯಲ್ಲಿ ಮಗು ಎಷ್ಟು ಬೇಗ ಒಂದನೇ ತರಗತಿ ಮುಟ್ಟಬೇಕು ಎಂಬುದೊಂದೇ ಕೇಳಿಸಿತು. ಎಲ್‌ಕೆಜಿ, ಯುಕೆಜಿ ಎಂಬ ಎರಡು ವರ್ಷಗಳಲ್ಲಿ ಮಗು ಮಾಡಿದ್ದೇನು, ಅದರಿಂದ ಮಗುವಿಗೆ ಆದ ಲಾಭವೇನು ಎಂದು ಕೇಳಿದವರು ಬಹಳ ಕಡಿಮೆ. ಪ್ರಿಸ್ಕೂಲ್ ಎಂದರೆ ಶಾಲೆಯ ಬಾಗಿಲ ಮುಂದಿನ ಸರತಿ ಸಾಲು ಎಂದು ನಾವೆಲ್ಲ ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಲೇಖನದ ತಕರಾರು ಅದರ ಬಗ್ಗೆಯೇ. ಮೂರರಿಂದ ಆರರವರೆಗಿನ ವಯಸ್ಸಿಗೆ ತನ್ನದೇ ಆದ ಕೆಲಸವಿದೆ. ಆ ಕೆಲಸವನ್ನು ಶಾಲೆಯ ಅಳತೆಗೋಲಿನಿಂದ ಅಳೆದಷ್ಟೂ ಅದು ಕೆಡುತ್ತದೆ.

ಈ ವಯಸ್ಸಿನ ಮಕ್ಕಳು ಹೋಗುವ ಜಾಗಕ್ಕೆ ನಮ್ಮಲ್ಲಿ ಇರುವಷ್ಟು ಹೆಸರು ಬೇರೆ ಯಾವ ತರಗತಿಗೂ ಇಲ್ಲ. ಸರ್ಕಾರಿ ಕಾಗದದಲ್ಲಿ ಅದು ಶಾಲಾಪೂರ್ವ ಶಿಕ್ಷಣ. ಹಿಂದಿನ ತಲೆಮಾರಿಗೆ ಶಿಶುವಿಹಾರ, ಬಾಲವಾಡಿ. ಪೇಟೆಯ ಬೋರ್ಡುಗಳಲ್ಲಿ ನರ್ಸರಿ, ಪ್ಲೇ ಹೋಮ್, ಪ್ರಿ-ಕೆಜಿ, ಮಾಂಟೆಸ್ಸರಿ, ಕಿಡ್ಸ್ ಎಂಬ ಬಾಲ ಹಚ್ಚಿಕೊಂಡ ಇನ್ನೂ ನೂರೆಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಾಲವಾಟಿಕೆ ಎಂಬ ಇನ್ನೊಂದನ್ನು ಸೇರಿಸಿತು. ಹೊರದೇಶಕ್ಕೆ ಹೋದರೆ ಗೊಂದಲ ಇನ್ನಷ್ಟು. ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಎಂದರೆ 3ರಿಂದ 6ರವರೆಗಿನ ಮಕ್ಕಳ ಜಾಗ, ಶಾಲೆಗೆ ಹೊರತಾದದ್ದು. ಅಮೆರಿಕದಲ್ಲಿ ಅದೇ ಪದ 5 ವರ್ಷದ ಮಕ್ಕಳ ತರಗತಿ, ಶಾಲೆಯದೇ ಭಾಗ; ಅಲ್ಲಿ ಪ್ರಿಸ್ಕೂಲ್ ಎಂದರೆ ಅದಕ್ಕೂ ಹಿಂದಿನದು. ಹಾಗಾಗಿ ಅಲ್ಲಿರುವ ಕನ್ನಡಿಗರು ಕಿಂಡರ್‌ಗಾರ್ಟನ್ ಎಂದಾಗ ಊರಿನವರು ಎಲ್‌ಕೆಜಿ ಎಂದುಕೊಳ್ಳುತ್ತಾರೆ, ಅವರು ಹೇಳುತ್ತಿರುವುದು ಹೆಚ್ಚುಕಡಿಮೆ ಯುಕೆಜಿಯ ಬಗ್ಗೆ. ಫ್ರಾನ್ಸಿನಲ್ಲಂತೂ 2019ರಿಂದ 3ನೇ ವರ್ಷಕ್ಕೇ ಶಿಕ್ಷಣ ಕಡ್ಡಾಯ. ಫಿನ್‌ಲೆಂಡಿನಲ್ಲಿ ನಿಜವಾದ ಶಾಲೆ ಶುರುವಾಗುವುದು 7ನೇ ವರ್ಷಕ್ಕೆ. ಈ ವ್ಯತ್ಯಾಸಗಳು ಆಯಾ ದೇಶದ ರೂಢಿ. ನಮ್ಮಲ್ಲಿ ಹೆಸರುಗಳ ಕೆಲಸವೇ ಬೇರೆ, ಅವು ಮನೆಯ ಅಂತಸ್ತನ್ನು ಹೇಳುತ್ತವೆ. ನಾಲ್ಕು ವರ್ಷದ ಒಂದು ಮಗು ಎಲ್‌ಕೆಜಿಗೆ ಹೋದರೆ ‘ಸ್ಕೂಲಿಗೆ ಹೋಗ್ತಾನೆ’ ಎನ್ನುತ್ತೇವೆ. ಅದೇ ವಯಸ್ಸಿನ ಇನ್ನೊಂದು ಮಗು ಅಂಗನವಾಡಿಗೆ ಹೋದರೆ ‘ಇನ್ನೂ ಸ್ಕೂಲಿಗೆ ಹಾಕಿಲ್ಲ’ ಎನ್ನುತ್ತೇವೆ. ಕಲಿಸುವವರಲ್ಲೂ ಒಬ್ಬಳು ‘ಮಿಸ್’ ಆಗುತ್ತಾಳೆ, ಇನ್ನೊಬ್ಬಳು ಕಡತದಲ್ಲಿ ‘ಕಾರ್ಯಕರ್ತೆ’.

ಇತಿಹಾಸ ನೋಡಿದರೆ ಈ ಮೇಲು-ಕೀಳು ತಲೆಕೆಳಗಾಗಿದೆ. ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಚಿಕ್ಕ ಮಕ್ಕಳ ಕೇಂದ್ರ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಅಲ್ಲಿನ ಸಾಮಗ್ರಿ ಚೆಂಡು, ಮರದ ಗಟ್ಟಿಗಳು, ಹಾಡು, ತೋಟ. ಮರಿಯಾ ಮಾಂಟೆಸ್ಸರಿಯ ಮೊದಲ ಮಕ್ಕಳ ಮನೆ 1907ರ ಜನವರಿಯಲ್ಲಿ ತೆರೆದದ್ದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಪ್ಪ-ಅಮ್ಮ ಕೂಲಿಗೆ ಹೋದಾಗ ಮನೆಯಲ್ಲುಳಿದ ಮಕ್ಕಳಿಗಾಗಿ. ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ ಕಡೆಗೆ ಹೋದರು. ಆದಿವಾಸಿ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಎಂಬುದರ ಬೇರು ಆ ಅಂಗಳದಲ್ಲಿದೆ. ಮಾಂಟೆಸ್ಸರಿ ಸ್ವತಃ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲೇ ಇದ್ದರು. ನೂರಾರು ಶಿಕ್ಷಕರು ಅವರಿಂದ ತರಬೇತಿ ಪಡೆದರು. ಇವರಲ್ಲಿ ಯಾರೂ ಒಂದನೇ ತರಗತಿಯ ಪಾಠವನ್ನು ಎರಡು ವರ್ಷ ಮುಂಚೆ ಮುಗಿಸುವ ಉದ್ದೇಶ ಇಟ್ಟುಕೊಂಡಿರಲಿಲ್ಲ. ಮಾಂಟೆಸ್ಸರಿ, ಮೋಡಕ್ ಇಬ್ಬರೂ ಕಣ್ಣಿಟ್ಟಿದ್ದು ಬಡವರ ಮಕ್ಕಳ ಮೇಲೆ. ಇಂದು ಬೆಂಗಳೂರಿನಲ್ಲಿ ಮಾಂಟೆಸ್ಸರಿ ಎಂದರೆ ದುಬಾರಿ ಎಂದೇ ಅರ್ಥ. ಆ ಹೆಸರಿಗೆ ಯಾರ ಏಕಸ್ವಾಮ್ಯವೂ ಇಲ್ಲವಾದ್ದರಿಂದ ಆಕೆಯ ಸಾಮಗ್ರಿಯನ್ನು ಕಣ್ಣಲ್ಲೂ ಕಾಣದವರು ಬೋರ್ಡು ಹಾಕಿಕೊಳ್ಳಬಹುದು, ಹಾಕಿಕೊಂಡೂ ಇದ್ದಾರೆ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಈ ಯೋಜನೆ ಹೊತ್ತ ಹೊಣೆ ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಕೊನೆಯದು ಪಟ್ಟಿಯಲ್ಲೂ ಕೊನೆ, ದಿನಚರಿಯಲ್ಲೂ ಕೊನೆ. ಕಾನೂನು ಕೂಡ ಈ ವಯಸ್ಸನ್ನು ಹೊಸ್ತಿಲಲ್ಲೇ ನಿಲ್ಲಿಸಿತು. 2002ರ 86ನೇ ತಿದ್ದುಪಡಿ 6ರಿಂದ 14ರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 6 ವರ್ಷದೊಳಗಿನವರ ಆರೈಕೆ ಮತ್ತು ಶಿಕ್ಷಣಕ್ಕೆ ಸರ್ಕಾರ ಶ್ರಮಿಸತಕ್ಕದ್ದು ಎಂಬ ಮಾತನ್ನು 45ನೇ ವಿಧಿಯಲ್ಲಿ, ಅಂದರೆ ನ್ಯಾಯಾಲಯದಲ್ಲಿ ಕೇಳಿ ಪಡೆಯಲಾಗದ ನಿರ್ದೇಶಕ ತತ್ವಗಳಲ್ಲಿ ಉಳಿಸಿತು. ಹಕ್ಕಿಲ್ಲದ ಕಡೆ ಮಾರುಕಟ್ಟೆ ಬರುತ್ತದೆ. ಬಂದದ್ದು ಎಲ್‌ಕೆಜಿ.

ಎಲ್‌ಕೆಜಿಯ ಒಳಗೆ ಸಾಮಾನ್ಯವಾಗಿ ಏನಿರುತ್ತದೆ ಎಂಬುದು ಯಾವ ಪೋಷಕರಿಗೂ ಹೊಸದಲ್ಲ: ನಾಲ್ಕು ಗೆರೆಯ ಪುಸ್ತಕ, ಇಂಗ್ಲಿಷ್ ಅಕ್ಷರ, ನೂರರವರೆಗೆ ಅಂಕಿ, ಮನೆಗೆಲಸ, ಯೂನಿಟ್ ಟೆಸ್ಟ್, ಟೈ. ಅಂಗನವಾಡಿಯಲ್ಲಿ ಹಾಡು, ಕಥೆ, ಊಟ, ಹಾಲು, ಮೊಟ್ಟೆ ಇವೆ. ಆದರೆ ಕಾರ್ಯಕರ್ತೆ ತೂಕದ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಗರ್ಭಿಣಿಯರ ಪಟ್ಟಿ, ಸಮೀಕ್ಷೆ ಇವುಗಳಲ್ಲಿ ಮುಳುಗಿರುವಾಗ ಕಲಿಕೆಗೆ ಉಳಿಯುವ ಹೊತ್ತು ಅಲ್ಪ. 2011ರಿಂದ 2016ರವರೆಗೆ ರಾಜಸ್ಥಾನ, ಅಸ್ಸಾಂ ಮತ್ತು ಆಂಧ್ರ-ತೆಲಂಗಾಣದ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನವಿದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಅಸರ್ ಕೇಂದ್ರ ಸೇರಿ ನಡೆಸಿದ್ದು. ಐದನೇ ವರ್ಷಕ್ಕೆ ಬಂದಾಗ ಬಹುಪಾಲು ಮಕ್ಕಳು ಶಾಲೆಗೆ ಬೇಕಾದ ಸಿದ್ಧತೆ ಪಡೆದಿರಲಿಲ್ಲ ಎಂದು ಅದು ಕಂಡುಕೊಂಡಿತು. ಖಾಸಗಿ ಕಡೆ ಬಾಯಿಪಾಠ, ನಕಲು ಬರವಣಿಗೆ ಹೆಚ್ಚು. ಸರ್ಕಾರಿ ಕಡೆ ಯೋಜಿತ ಚಟುವಟಿಕೆಯೇ ಕಡಿಮೆ. ಆ ವಯಸ್ಸಿಗೆ ಒಗ್ಗುವ ಆಟ-ಚಟುವಟಿಕೆ ಎರಡೂ ಕಡೆ ಅಪರೂಪ. ಫೀಸು ಕಟ್ಟಿದವರೂ ಕಟ್ಟದವರೂ ಹೆಚ್ಚುಕಡಿಮೆ ಒಂದೇ ಕೊರತೆಯನ್ನು ಪಡೆದರು.

ಹಾಗಿದ್ದರೆ ಆ ವಯಸ್ಸಿಗೆ ಬೇಕಾದ್ದೇನು? ಆರು ವರ್ಷದೊಳಗೆ ಮೆದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಆಗಿಹೋಗುತ್ತದೆ ಎಂದು ಶಿಕ್ಷಣ ನೀತಿಯೇ ಹೇಳುತ್ತದೆ, ಪ್ರಿಸ್ಕೂಲ್ ಕಂಪನಿಗಳ ಜಾಹೀರಾತೂ ಹೇಳುತ್ತದೆ. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅದರ ಹಿಂದಿರುವುದು ಮುಖ್ಯವಾಗಿ ಮೆದುಳಿನ ಗಾತ್ರದ ಲೆಕ್ಕ. ಆರಕ್ಕೆ ಮುಂಚೆ ತುಂಬಿಸದಿದ್ದರೆ ಬಾಗಿಲು ಮುಚ್ಚುತ್ತದೆ ಎಂದು ಅದರರ್ಥವಲ್ಲ. ಈ ವರ್ಷಗಳಲ್ಲಿ ಬಲಿಯುವುದು ಮಾತು, ಕೇಳಿಸಿಕೊಳ್ಳುವ ಸಹನೆ, ತನ್ನ ಸರದಿಗೆ ಕಾಯುವುದು, ಬೆರಳುಗಳ ಹಿಡಿತ, ಒಂದು ವಸ್ತು ಇನ್ನೊಂದಕ್ಕಿಂತ ದೊಡ್ಡದು-ಹೆಚ್ಚು-ಮುಂಚೆ ಎಂಬ ಗ್ರಹಿಕೆ. ಅಂಕಿ, ಅಕ್ಷರ ನಿಲ್ಲುವುದು ಇವುಗಳ ಮೇಲೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತನೆಯ ಮೃದ್ವಸ್ಥಿ. ಒಂದೊಂದಾಗಿ ಮೂಳೆಯಾಗುತ್ತಾ ಕೊನೆಯದರ ಸರದಿ ಬರುವುದು 8ರಿಂದ 12ರ ನಡುವೆ. ಅಂಥ ಕೈಗೆ ಮಣ್ಣು ಕಲಸುವುದು, ಮಣಿ ಪೋಣಿಸುವುದು, ಅವರೆಕಾಯಿ ಬಿಡಿಸುವುದು ನಿಜವಾದ ಪೂರ್ವಾಭ್ಯಾಸ. ಕನ್ನಡದ ಮಟ್ಟಿಗೆ ಇನ್ನೂ ಒಂದು ಸಾಕ್ಷಿ ಇದೆ, ಅದು ಇನ್ನಷ್ಟು ಚರ್ಚೆಗೆ ಬರಬೇಕಿತ್ತು. ಕನ್ನಡ ಮಕ್ಕಳು ಓದಲು ಕಲಿಯುವ ಬಗೆಯನ್ನು ಸಂಶೋಧಕಿ ಸೊನಾಲಿ ನಾಗ್ ಕರ್ನಾಟಕದ ಶಾಲೆಗಳಲ್ಲೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಿರುವ ನಮ್ಮ ಲಿಪಿ ಪೂರ್ತಿ ಕೈಗೆ ಬರಲು ಮೂರು-ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ಅದು ತೋರಿಸಿತು. ಇಷ್ಟು ದೀರ್ಘ ದಾರಿಯಲ್ಲಿ ನಾಲ್ಕನೇ ವರ್ಷಕ್ಕೆ ‘ಅ’ ತಿದ್ದಿಸುವುದರಿಂದ ಸಿಗುವ ಮುನ್ನಡೆ ಎಷ್ಟು? 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 6ರವರೆಗೆ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ. ಅಷ್ಟಾದರೂ ಜೂನ್ ಬಂತೆಂದರೆ ಎಲ್‌ಕೆಜಿಯ ಪುಸ್ತಕದ ಕಟ್ಟು ಮನೆಗೆ ಬರುತ್ತದೆ.

ದೂರಗಾಮಿ ಪರಿಣಾಮದ ಬಗ್ಗೆ ಹೆಚ್ಚು ಉಲ್ಲೇಖವಾಗುವುದು ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗ. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಅರ್ಧ ದಿನದ ಪ್ರಿಸ್ಕೂಲ್, ವಾರಕ್ಕೊಮ್ಮೆ ಶಿಕ್ಷಕಿಯಿಂದ ಮನೆ ಭೇಟಿ. ಉಳಿದ 65 ಮಂದಿಗೆ ಏನೂ ಇಲ್ಲ. ಎರಡೂ ಗುಂಪಿನವರನ್ನು 40 ವರ್ಷ ವಯಸ್ಸಿನವರೆಗೆ ಗಮನಿಸಲಾಯಿತು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ಹೈಸ್ಕೂಲು ಮುಗಿಸಿದವರು, ಕೆಲಸದಲ್ಲಿದ್ದವರು, ಹೆಚ್ಚು ಗಳಿಸಿದವರು, ಪೊಲೀಸರ ಕೈಗೆ ಸಿಗದವರು ಮೊದಲ ಗುಂಪಿನಲ್ಲೇ ಜಾಸ್ತಿ. ಅಂಕ ಉಳಿಯಲಿಲ್ಲ, ನಡತೆ ಉಳಿಯಿತು. ಇದನ್ನೇ ಹಿಡಿದು ಪ್ರಿಸ್ಕೂಲಿಗೆ ಹಾಕಿದರೆ ಸಾಕು, ಬದುಕು ಬದಲಾಗುತ್ತದೆ ಎನ್ನುವವರಿದ್ದಾರೆ. ಅವರು ಟೆನೆಸ್ಸಿ ರಾಜ್ಯದ ಫಲಿತಾಂಶವನ್ನೂ ನೋಡಬೇಕು. ಅಲ್ಲಿ ಸರ್ಕಾರ ನಡೆಸಿದ ಪ್ರಿಸ್ಕೂಲಿಗೆ ಚೀಟಿ ಎತ್ತಿದ ರೀತಿಯಲ್ಲಿ ಸೀಟು ಸಿಕ್ಕವರು ಮತ್ತು ಸಿಗದವರು ಸೇರಿ ಸುಮಾರು 3 ಸಾವಿರ ಮಕ್ಕಳನ್ನು ಹೋಲಿಸಲಾಯಿತು. 2022ರಲ್ಲಿ ಬಂದ ವರದಿಯಂತೆ ಆರನೇ ತರಗತಿಯ ಹೊತ್ತಿಗೆ ಪ್ರಿಸ್ಕೂಲಿಗೆ ಹೋದವರೇ ಪರೀಕ್ಷೆಯಲ್ಲಿ ಹಿಂದಿದ್ದರು, ಶಿಸ್ತು ಕ್ರಮಕ್ಕೂ ಹೆಚ್ಚು ಗುರಿಯಾಗಿದ್ದರು. ಕಾರಣ ಏನೆಂಬ ಚರ್ಚೆ ಮುಗಿದಿಲ್ಲ. ಆ ಅಧ್ಯಯನ ನಡೆಸಿದವರಲ್ಲೊಬ್ಬರಾದ ಡೇಲ್ ಫರಾನ್ ಬೆರಳು ತೋರಿಸಿದ್ದು ದೊಡ್ಡ ಗುಂಪಿಗೆ ಕೂರಿಸಿ ಮಾಡುವ ಪಾಠ, ಸಾಲಿನಲ್ಲಿ ನಿಲ್ಲಿಸುವುದು, ಅತಿಯಾದ ಹತೋಟಿ ಇಂಥವುಗಳ ಕಡೆಗೆ. ಅಂದರೆ ಶಾಲೆಯನ್ನೇ ಚಿಕ್ಕದು ಮಾಡಿ ಇಟ್ಟಿದ್ದರ ಕಡೆಗೆ. ಎರಡು ಪ್ರಯೋಗಗಳಿಗೂ ಪ್ರಿಸ್ಕೂಲ್ ಎಂದೇ ಹೆಸರು. ಹೆಸರು ಯಾವುದಕ್ಕೂ ಖಾತರಿ ಕೊಡುವುದಿಲ್ಲ.

ಇಲ್ಲಿ ಪೋಷಕರ ಕಡೆಯಿಂದ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಆಟದ ಮಾತೆಲ್ಲ ಸರಿ, ಆದರೆ ಒಂದನೇ ತರಗತಿಯ ಪುಸ್ತಕ ತೆರೆದರೆ ಮೊದಲ ವಾರವೇ ಓದಲು ಬರಬೇಕೆನ್ನುತ್ತಾರೆ; ಒಳ್ಳೆಯ ಶಾಲೆಯಲ್ಲಿ ಸೇರಿಸುವಾಗ ಮಗುವನ್ನು ಮಾತಾಡಿಸಿ ನೋಡುತ್ತಾರೆ; ಇಂಗ್ಲಿಷ್ ಬಾರದಿದ್ದರೆ ಹಿಂದೆ ಬೀಳುತ್ತದೆ. ಇದನ್ನು ಹುಚ್ಚು ವ್ಯಾಮೋಹ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೂಲಿಯ ಹಣದಲ್ಲಿ ಎಲ್‌ಕೆಜಿ ಫೀಸು ಕಟ್ಟುವ ತಾಯಿ ತನ್ನ ಸುತ್ತ ಯಾರಿಗೆ ಕೆಲಸ ಸಿಕ್ಕಿದೆ ಎಂದು ನೋಡಿಯೇ ಕಟ್ಟುತ್ತಾಳೆ. ಆದರೂ ಉತ್ತರವಿದೆ. ದಾಖಲಾತಿಗೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ; ಕೆಲವು ಕಡೆ ಅದು ನಡೆಯುತ್ತಿದ್ದರೆ ತಪ್ಪು ಮಾಡುತ್ತಿರುವುದು ಶಾಲೆ, ಅದಕ್ಕೆ ಮಗುವನ್ನು ಹದಗೊಳಿಸಬೇಕಾಗಿಲ್ಲ. ಇಂಗ್ಲಿಷಿನ ವಿಷಯದಲ್ಲಿ ಈ ವಯಸ್ಸು ನಿಜಕ್ಕೂ ಅನುಕೂಲದ್ದೇ, ಆದರೆ ಅನುಕೂಲವಿರುವುದು ಕಿವಿಗೆ. ಹಾಡು, ಆಟ, ಮಾತಿನ ಮೂಲಕ ಎರಡು ಭಾಷೆ ಒಟ್ಟಿಗೆ ಬರುತ್ತವೆ. ತನಗೆ ಅರ್ಥವಾಗದ ಭಾಷೆಯ 26 ಅಕ್ಷರಗಳನ್ನು ತಿದ್ದಿದ ಮಗುವಿಗೆ ಆ ಭಾಷೆಯೂ ಬರುವುದಿಲ್ಲ, ತನ್ನ ಮಾತೂ ಬೆಳೆಯುವುದಿಲ್ಲ. ಮನೆಮಾತೇ ಮೊದಲು ಎಂಬ ಸೂತ್ರ ಕೂಡ ನಮ್ಮ ರಾಜ್ಯದಲ್ಲಿ ಹೇಳಿದಷ್ಟು ಸುಲಭವಲ್ಲ ಎಂಬುದನ್ನು ಒಪ್ಪಬೇಕು. ತುಳು, ಕೊಂಕಣಿ, ಕೊಡವ, ಬ್ಯಾರಿ, ದಖನಿ ಉರ್ದು, ಲಂಬಾಣಿ ಮಾತಾಡುವ ಮನೆಗಳಿಂದ ಬರುವ ಮಗುವಿಗೆ ಅಂಗನವಾಡಿಯ ಕನ್ನಡವೂ ಹೊಸ ಭಾಷೆಯೇ. ಅದೇ ಊರಿನ, ಅದೇ ಮಾತಿನ ಕಾರ್ಯಕರ್ತೆ ಇದ್ದಾಗ ಆ ಮಗು ಮೊದಲ ದಿನ ಅಳುವುದು ಕಡಿಮೆ. ಪ್ರಿಸ್ಕೂಲ್ ಸರಪಳಿಗಳ ಕರಪತ್ರದಲ್ಲಿ ಈ ಅನುಕೂಲ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರ: ಅಂಗನವಾಡಿಯ ಗುಣಗಾನ ಮಾಡುವವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಾರೆಯೇ? ಬಾಡಿಗೆ ಕೋಣೆ, ಶೌಚಾಲಯದ ಕೊರತೆ, ಒಬ್ಬಳೇ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇದರಲ್ಲಿ ಯಾವ ಶಿಕ್ಷಣ? ಮಾತು ಬಹುಮಟ್ಟಿಗೆ ಸರಿ. ಸೌಕರ್ಯದ ಕೊರತೆ ಒಂದು ಕಡೆಯಾದರೆ ಎಲ್ಲದಕ್ಕೂ ಒಬ್ಬಳೇ ಎಂಬುದು ಇನ್ನೊಂದು ಕಡೆ, ನನ್ನ ಲೆಕ್ಕದಲ್ಲಿ ದೊಡ್ಡದು ಈ ಎರಡನೆಯದೇ. ಇದಕ್ಕೆ ಪಕ್ಕದ ರಾಜ್ಯದಲ್ಲೇ ಪರೀಕ್ಷಿಸಿ ನೋಡಿದ ಪರಿಹಾರವಿದೆ. ಅರ್ಥಶಾಸ್ತ್ರಜ್ಞರಾದ ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೋಫರ್ ವಾಲ್ಟರ್ಸ್ ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಪ್ರಯೋಗ ಮಾಡಿದರು. ಅರ್ಧದಷ್ಟು ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣವೊಂದನ್ನೇ ನೋಡಿಕೊಳ್ಳುವ ಅರ್ಧ ದಿನದ ಇನ್ನೊಬ್ಬಳನ್ನು ಕೊಟ್ಟರು. ಕಲಿಕೆಗೆ ಸಿಗುವ ಸಮಯ ಇಮ್ಮಡಿಯಾಯಿತು. ಒಂದೂವರೆ ವರ್ಷದಲ್ಲಿ ಭಾಷೆ, ಗಣಿತ ಎರಡರಲ್ಲೂ ಮಕ್ಕಳು ಗಮನಾರ್ಹವಾಗಿ ಮುಂದೆ ಬಂದರು. ಯಾರೂ ಮುಖ್ಯವಾಗಿ ನಿರೀಕ್ಷಿಸದ ಇನ್ನೊಂದೂ ನಡೆಯಿತು: ಹಳೆಯ ಕಾರ್ಯಕರ್ತೆಗೆ ಆರೋಗ್ಯ, ಆಹಾರದ ಕೆಲಸಕ್ಕೆ ಬಿಡುವು ಸಿಕ್ಕಿ ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆ ಕೂಡ ಇಳಿದವು. ಹೊಸಬಳಿಗೆ ದೊಡ್ಡ ಪದವಿ ಇರಲಿಲ್ಲ, ದೊಡ್ಡ ಸಂಬಳವೂ ಇರಲಿಲ್ಲ. ಖರ್ಚಿನ ಹಲವು ಪಟ್ಟು ಪ್ರಯೋಜನ ಎಂದು ಸಂಶೋಧಕರು ಲೆಕ್ಕ ಹಾಕಿದರು.

ಈ ಕನ್ನಡಿಯಲ್ಲಿ ನಮ್ಮ 2024ರ ಜಗಳವನ್ನು ನೋಡಬೇಕು. ಆ ವರ್ಷದ ಜೂನ್‌ನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮೂರರ ಮೇಲಿನ ಮಕ್ಕಳೆಲ್ಲ ಶಾಲೆಗೆ ಹೋದರೆ ನಮ್ಮಲ್ಲಿ ಉಳಿಯುವವರು ಯಾರು ಎಂಬುದು ಅವರ ಪ್ರಶ್ನೆ. ಶಾಲೆಗಳ ವಾದವೂ ಹುರುಳಿಲ್ಲದ್ದಲ್ಲ: ಎಲ್‌ಕೆಜಿ ಇಲ್ಲದ ಸರ್ಕಾರಿ ಶಾಲೆಗೆ ಒಂದನೇ ತರಗತಿಗೂ ಮಕ್ಕಳು ಬರುತ್ತಿಲ್ಲ, ಖಾಸಗಿಯವರು ಮೂರನೇ ವರ್ಷಕ್ಕೇ ಹಿಡಿದಿಟ್ಟುಕೊಂಡಿರುತ್ತಾರೆ. ಅದೇ ವರ್ಷ ಬೆಂಗಳೂರಿನ ಹಲವು ಅಂಗನವಾಡಿಗಳು ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರು ಪಡೆದವು. ರೋಮ್‌ನ ಬಡ ಕೇರಿಯಿಂದ ಹೊರಟದ್ದು ಶತಮಾನ ಸುತ್ತಿ ಮತ್ತೆ ಬಡವರ ಕೇರಿಗೆ ಬಂತಲ್ಲ ಎಂದು ಸಂತೋಷಪಡಬಹುದು. ಆದರೆ ಶಾಲೆ, ಅಂಗನವಾಡಿಗಳನ್ನು ನೋಡಿಕೊಳ್ಳುವ ಎರಡು ಇಲಾಖೆಗಳ ಎಳೆದಾಟದಲ್ಲಿ ತೀರ್ಮಾನವಾದದ್ದು ಮಗು ಯಾವ ಕಟ್ಟಡದಲ್ಲಿ ಕೂರಬೇಕು, ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬುದು. ಕೈಗಳ ಸಂಖ್ಯೆ ಅಷ್ಟೇ ಇದ್ದರೆ, ಸಮವಸ್ತ್ರ ತೊಡಿಸಿ ಅಕ್ಷರ ತಿದ್ದಿಸುವುದೇ ಮೇಲ್ದರ್ಜೆ ಎಂದಾದರೆ, ಅಂಗನವಾಡಿಯೂ ಇನ್ನೊಂದು ಎಲ್‌ಕೆಜಿ ಆಗುತ್ತದೆ, ಅದೂ ಬಡವರ ಎಲ್‌ಕೆಜಿ. ಊಟ, ತೂಕ, ಚುಚ್ಚುಮದ್ದು, ಆಟ ಒಂದೇ ಸೂರಿನಡಿ ಇರುವುದು ಅದರ ಬಲ. ಯಾವ ಖಾಸಗಿ ಪ್ರಿಸ್ಕೂಲಿಗೂ ಇಲ್ಲದ ಬಲ ಅದು. ಹಸಿದ ಮಗುವಿಗೆ ಮಣಿ ಪೋಣಿಸುವುದರಲ್ಲಿ ಆಸಕ್ತಿ ಇರುವುದಿಲ್ಲ.

ಹಿಂದಿನವರು ಯಾವ ಪ್ರಿಸ್ಕೂಲಿಗೂ ಹೋಗದೆ ಬೆಳೆಯಲಿಲ್ಲವೇ ಎನ್ನುವವರಿಗೂ ಒಂದು ಮಾತು. ಬೆಳೆದರು, ಏಕೆಂದರೆ ಜಗುಲಿ, ಹಿತ್ತಲು, ಅಜ್ಜಿ, ಓಣಿಯ ಹತ್ತು ಮಕ್ಕಳು ಸೇರಿ ಆ ಕೆಲಸ ಮಾಡುತ್ತಿದ್ದವು. ಒಂದು ಕೋಣೆಯ ಬಾಡಿಗೆ ಮನೆ, ಗಾರ್ಮೆಂಟ್ಸಿಗೆ ಹೋಗುವ ತಾಯಿ, ಕೈಗೆ ಕೊಟ್ಟ ಮೊಬೈಲು ಇರುವ ಕಡೆ ಆ ವ್ಯವಸ್ಥೆಯನ್ನು ಯಾರಾದರೂ ಬೇರೆ ರೂಪದಲ್ಲಿ ಕಟ್ಟಿಕೊಡಲೇಬೇಕು. ನರೇಗಾ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ ಅಂಥದ್ದೊಂದು ಪ್ರಯತ್ನ. ಫೀಸು ಕೊಡಬಲ್ಲವರಿಗೆ ಆಯ್ಕೆ ಇದೆ, ಆದರೆ ಆಯ್ಕೆ ಮಾಡುವಾಗ ನಾವು ಕೇಳುವುದು ಸಿಲೆಬಸ್ ಯಾವುದು, ಎಸಿ ಇದೆಯೇ, ಸಿಸಿಟಿವಿ ಇದೆಯೇ ಎಂದು. ಕೇಳಬೇಕಾದ್ದು ಬೇರೆ. ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು? ಆಕೆ ಕಳೆದ ವರ್ಷವೂ ಇಲ್ಲೇ ಇದ್ದಳೇ, ಅಥವಾ ಸಂಬಳ ಸಾಲದೆ ವರ್ಷಕ್ಕೊಬ್ಬರು ಬದಲಾಗುತ್ತಾರೆಯೇ? ದಿನದಲ್ಲಿ ಎಷ್ಟು ಹೊತ್ತು ಮಕ್ಕಳು ಕುಳಿತಿರುತ್ತಾರೆ, ಎಷ್ಟು ಹೊತ್ತು ಓಡಾಡುತ್ತಾರೆ? ಮಕ್ಕಳು ತಾವಾಗಿ ಮಾತಾಡುವುದು ಕೇಳಿಸುತ್ತದೆಯೇ, ಅಥವಾ ಶಿಕ್ಷಕಿಯ ದನಿ ಮತ್ತು ಅದಕ್ಕೆ ಒಕ್ಕೊರಲ ಉತ್ತರ ಮಾತ್ರವೇ? ಗೋಡೆಯ ಮೇಲಿನ ಚಿತ್ರಗಳು ಅಂಗಡಿಯಿಂದ ತಂದವೋ ಮಕ್ಕಳು ಗೀಚಿದವೋ? ಇಷ್ಟನ್ನು ತಿಳಿಯಲು ಬೆಳಗಿನ ಒಂದು ತಾಸು ಅಲ್ಲಿ ಸುಮ್ಮನೆ ಕೂರಬೇಕಾಗುತ್ತದೆ, ಕೂರಲು ಬಿಡದಿದ್ದರೆ ಅದೂ ಒಂದು ಉತ್ತರವೇ. ಇದೇ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಅಂಗನವಾಡಿಯ ಬಗ್ಗೆಯೂ ಕೇಳಬಹುದು. ಅಲ್ಲಿ ಮೊದಲ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಎರಡನೆಯ ಕಾರ್ಯಕರ್ತೆಯ ಬೇಡಿಕೆ ಹುಟ್ಟಬೇಕು.